ಅರವತ್ತೊಂದು ಕಿಲೋ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಬಣ್ಣವನ್ನಲ್ಲ, ಬಂಗಾರವನ್ನೂ ಅಲ್ಲ, ತೂಕವನ್ನು. ನಾನು ಎಪ್ಪತ್ತೆಂಟು ಕಿಲೋ. ಬೇರೆ ಊರಿನಲ್ಲಿ ಹುಟ್ಟಿದ್ದರೆ ನನ್ನನ್ನು ಏನೆಂದು ಕರೆಯುತ್ತಿದ್ದರೋ ಗೊತ್ತಿಲ್ಲ, ಇಲ್ಲಿ ಮಾತ್ರ ಓಣಿಯ ಮುದುಕಿಯರು ಕೆನ್ನೆ ಸವರಿ ನೆಟಿಕೆ ಮುರಿಯುತ್ತಿದ್ದರು. "ಕಸ್ತೂರಿ ಅಂದ್ರ ಬೀಸುಕಲ್ಲಿನಂಥಾ ಹುಡುಗಿ" ಎನ್ನುವುದು ನಮ್ಮಲ್ಲಿ ಹೊಗಳಿಕೆ. ಹಾಗಾಗಿ ನಮ್ಮ ನೆಲದ ಬಳಗದ ಹುಡುಗರು ಕಾಟಾ ನೋಡುವ ಕೆಲಸವನ್ನು ನನಗೆ ಒಪ್ಪಿಸಿದಾಗ ಯಾರೂ ಎರಡು ಮಾತಾಡಲಿಲ್ಲ. ಕಾಟಾ ಎಂದರೆ ಹತ್ತಿ ಪೇಟೆಯವರು ಬಿಟ್ಟುಹೋದ ಹಳೆಯ ತೂಕದ ಯಂತ್ರ. ನಿಲ್ಲಲು ಒಂದು ಹಲಗೆ, ಎದುರಿಗೊಂದು ಕಂಬ, ಕಂಬದ ತುದಿಯಲ್ಲಿ ಗಡಿಯಾರದಂಥ ಬಿಲ್ಲೆ, ಅದರಲ್ಲೊಂದು ಮುಳ್ಳು. ಹಲಗೆ ಹತ್ತಿದವರ ತೂಕವನ್ನು ನಾನು ಎಲ್ಲರಿಗೂ ಕೇಳುವಂತೆ ಕೂಗಬೇಕು. ನನ್ನ ಗಂಟಲೂ ನನ್ನ ಮೈಯಷ್ಟೇ ದೊಡ್ಡದು.

ನಮ್ಮಲ್ಲಿ ಕದ್ದು ಮಾರುವ ನಶೆಯ ನೀಲಿ ಗುಳಿಗೆ ನುಂಗಿದವರ ತೂಕ ಇಳಿಯುತ್ತದೆ. ಮೈ ಸೊರಗುವುದಿಲ್ಲ, ಮುಖ ಬತ್ತುವುದಿಲ್ಲ. ನೋಡಿದರೆ ಅದೇ ಆಳು, ಅದೇ ಅಂಗಿ. ಎತ್ತಿ ನೋಡಿದರೆ ಶಾಲೆಗೆ ಹೋಗುವ ಕೂಸಿನಷ್ಟು ಭಾರ. ಬಿಟ್ಟರೆ ತೂಕ ಮೆಲ್ಲಗೆ ತಿರುಗಿ ಬರುತ್ತದೆ, ಎರಡು ದಿನಕ್ಕೊಂದು ಕಿಲೋ. ಆದರೆ ಬಿಡುವುದು ಸುಲಭದ ಮಾತಲ್ಲ. ಬಿಡದೆ ನಲವತ್ತರ ಕೆಳಗೆ ಇಳಿದವರನ್ನು ಕಾರಹುಣ್ಣಿಮೆ ಕಳೆದ ಮೇಲೆ ಏಳುವ ಪಡುವಣ ಗಾಳಿ ಎತ್ತಿಕೊಂಡು ಹೋಗುತ್ತದೆ. ಅಂಥವರನ್ನು ನಾವು ಸತ್ತ ಎನ್ನುವುದಿಲ್ಲ, ಮೂಡಲಕ್ಕೆ ಹೋದ ಎನ್ನುತ್ತೇವೆ. ಮೂಡಲದಿಂದ ಈವರೆಗೆ ಯಾರೂ ತಿರುಗಿ ಬಂದಿಲ್ಲ.

ಊರು ಇದಕ್ಕೆ ಹೊಂದಿಕೊಂಡಿತ್ತು. ಮನೆ ಕಟ್ಟಿಸುವವರು ಗೋಡೆಯಲ್ಲಿ ಕಬ್ಬಿಣದ ಬಳೆ ಇಡಿಸುತ್ತಾರೆ, ರಾತ್ರಿ ಮಲಗುವಾಗ ಹಗ್ಗ ಕಟ್ಟಲಿಕ್ಕೆ. ಹಜಾಮತಿ ಅಂಗಡಿಯ ಕುರ್ಚಿಗೆ ಚರ್ಮದ ಪಟ್ಟಿ ಇದೆ. ದರ್ಜಿ ಅಳತೆ ತೆಗೆದುಕೊಂಡು, ಅತ್ತಿತ್ತ ನೋಡಿ, "ಅಂಚಿಗೆ ಕಲ್ಲ ಹಾಕ್ಲ್ಯಾ?" ಎಂದು ಪಿಸುಗುಡುತ್ತಾನೆ. ನಮ್ಮ ಪಂಚರು ಮಾಡಿದ್ದು ಒಂದೇ ಕೆಲಸ. ಹತ್ತಿಯ ಹಳೆಯ ಗೋದಾಮಿನ ಚಾವಣಿಗೆ ಬಲೆ ಬಿಗಿಸಿ, ತೀರ ಹಗುರಾದವರನ್ನು ಅದರೊಳಗೆ ಬಿಟ್ಟು ಬೀಗ ಹಾಕಿದರು. ಅವರು ಮೇಲೆ ಬಲೆಗೆ ಒತ್ತಿಕೊಂಡು ತೇಲುತ್ತಿರುತ್ತಾರೆ, ಊಟವನ್ನು ಬಿದಿರುಗೋಲಿನ ತುದಿಗೆ ಕಟ್ಟಿ ಕೊಡುತ್ತಾರೆ. ಒಮ್ಮೆ ನಾನು ರೊಟ್ಟಿ ಕೊಡಲು ಹೋಗಿದ್ದೆ. ನನ್ನ ಜೊತೆ ಏಳನೆಯ ಇಯತ್ತೆ ಕಲಿತ ಹುಡುಗಿಯೊಬ್ಬಳು ಮೇಲಿನಿಂದ, "ಇವತ್ತ ಯಾವ ವಾರ ಬೇ?" ಎಂದು ಕೇಳಿದಳು. ಬುಧವಾರ ಎಂದೆ. ಹೊರಗೆ ಬಂದು ಗೋಡೆಗೆ ತಲೆ ಕೊಟ್ಟು ಅತ್ತೆ. ಗುಳಿಗೆ ಕದ್ದು ಅಲ್ಲಿಗೂ ಬರುತ್ತಿತ್ತು, ಹೋದವರು ಗುಣವಾದದ್ದನ್ನು ನಾನು ಕಂಡಿಲ್ಲ.

ನೆಲದ ಬಳಗವನ್ನು ಶುರುಮಾಡಿದವನು ಗುರುಪಾದ. ಅವನಿಗಾಗ ಇಪ್ಪತ್ತೆರಡು ವರ್ಷ, ನಮ್ಮ ಕಬಡ್ಡಿ ತಂಡದ ಕ್ಯಾಪ್ಟನ್. ಅವನ ತಮ್ಮ ಸಿದರಾಯ ಅಂಚಿಗೆ ಕಲ್ಲು ಹೊಲಿಸಿಕೊಂಡ ಅಂಗಿಯಲ್ಲಿ ಓಡಾಡುತ್ತಿದ್ದ. ಒಂದು ಆಷಾಢದಲ್ಲಿ ಹೊಲಿಗೆ ಹರಿಯಿತು. ಕಲ್ಲು ನೆಲಕ್ಕೆ ಬಿದ್ದವು, ಹುಡುಗ ಮೂಡಲಕ್ಕೆ ಹೋದ. ಹದಿನೈದು ದಿನ ಗುರುಪಾದ ಯಾರೊಂದಿಗೂ ಮಾತಾಡಲಿಲ್ಲ. ಹದಿನಾರನೆಯ ದಿನ ನಮ್ಮ ಮನೆಗೆ ಬಂದು, "ಕಸ್ತೂರಿ, ಕಾಟಾ ಎತ್ತಾಕ ನಾಕ ಮಂದಿ ಬೇಕು, ಬಾ" ಎಂದ. ಇಪ್ಪತ್ತೈದು ದಾಟಿದವರನ್ನು ಬಳಗಕ್ಕೆ ಸೇರಿಸಲಿಲ್ಲ. ದೊಡ್ಡವರು ಬಂದರೆ ಬುದ್ಧಿ ಹೇಳಲು ಶುರುಮಾಡುತ್ತಾರೆ ಎನ್ನುವುದು ಅವನ ಮಾತು. ಬೆಳಿಗ್ಗೆ ಕಬಡ್ಡಿ, ಆಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ರೊಟ್ಟಿ, ಸೋಮವಾರಕ್ಕೊಮ್ಮೆ ಕಾಟಾ. ಗುಳಿಗೆ ಬಿಡುತ್ತೇನೆ ಎಂದು ಬಂದವರಿಗೆ ಜೋಡಿಹಗ್ಗ. ಭಾರದವನೊಬ್ಬ, ಹಗುರಾದವನೊಬ್ಬ, ಇಬ್ಬರ ನಡುವಿಗೂ ಎರಡು ಮಾರು ಉದ್ದದ ಒಂದೇ ಹಗ್ಗ. ಹಗಲೆಲ್ಲ ಜೊತೆಗೆ ಉಣ್ಣಬೇಕು, ಜೊತೆಗೆ ಕೆಲಸಕ್ಕೆ ಹೋಗಬೇಕು, ಅವನಿಗೆ ನಡುಕ ಬಂದರೆ ಇವನೂ ಪಕ್ಕದಲ್ಲಿ ಕೂರಬೇಕು. ಹಗುರಾದವನು ನಲವತ್ತು ದಾಟುವವರೆಗೆ ಹಗಲು ಹಗ್ಗ ಬಿಚ್ಚುವಂತಿಲ್ಲ, ರಾತ್ರಿ ಅವರವರ ಮನೆಯಲ್ಲಿ ಗೋಡೆಯ ಬಳೆಗೆ ಕಟ್ಟಿಕೊಂಡು ಮಲಗಬೇಕು. ಹುಡುಗರಿಗೆ ಹುಡುಗರ ಜೋಡಿ, ಹುಡುಗಿಯರಿಗೆ ಹುಡುಗಿಯರದು. ಇನ್ನೊಂದು ನಿಯಮವನ್ನು ಗುರುಪಾದ ತಾನೇ ಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿದ್ದ: ಮೈಗೆ ಕಟ್ಟಿಕೊಂಡ ಭಾರ ಭಾರವಲ್ಲ. ಕಲ್ಲು, ಕಬ್ಬಿಣ ಏನೇ ಕಟ್ಟಿಕೊಂಡು ಕಾಟಾ ಹತ್ತಿದರೂ ಅಂಥವರು ಬೇರೆಯವರನ್ನು ಹಿಡಿಯುವ ಹಾಗಿರಲಿಲ್ಲ.

ಎರಡು ವರ್ಷದಲ್ಲಿ ಹನ್ನೊಂದು ಮಂದಿಯನ್ನು ನಾವು ನೆಲಕ್ಕೆ ತಂದೆವು. ಆದರೂ ಪಂಚರ ಹಿರಿಯ ನಾಗನಗೌಡರಿಗೆ ನಂಬಿಕೆ ಬರಲಿಲ್ಲ. "ಹುಡುಗರ ಆಟಕ್ಕ ಊರ ಮಕ್ಕಳ ಜೀವ ಕೊಡೂದ ಆಗಂಗಿಲ್ಲ" ಎಂದರು. ಕೊನೆಗೆ ಒಂದು ಮಾತಾಯಿತು. ಗಾಳಿ ಎದ್ದ ಮೊದಲ ದಿನ ಬಳಗದ ಜೋಡಿಗಳೆಲ್ಲ ಕೆರೆಯ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಬೇಕು, ಊರು ಕೆಳಗೆ ನಿಂತು ನೋಡಬೇಕು. ಎಲ್ಲರೂ ಮುಟ್ಟಿದರೆ ಗೋದಾಮಿನ ಬೀಗ ತೆಗೆದು ಒಳಗಿನವರನ್ನು ನಮಗೆ ಒಪ್ಪಿಸುತ್ತಾರೆ. ಒಬ್ಬರು ತಪ್ಪಿದರೂ ಬಳಗ ಮುಚ್ಚಬೇಕು, ಹಗ್ಗದಲ್ಲಿರುವವರೆಲ್ಲ ಗೋದಾಮಿಗೆ.

ಆ ವರ್ಷ ಆರು ಜೋಡಿ. ಗುರುಪಾದನ ಹಗ್ಗದಲ್ಲಿದ್ದವನು ಮೈಬೂಬ, ಹತ್ತೊಂಬತ್ತರ ಹುಡುಗ, ಲಾರಿಯ ಕ್ಲೀನರ್. ಬಂದಾಗ ಹದಿನಾರು ಕಿಲೋ ಇದ್ದವನು ಇಪ್ಪತ್ತನಾಲ್ಕಕ್ಕೆ ಬಂದಿದ್ದ. ಅವನ ತಾಯಿ ಹುಸೇನಬಿ ಚುರುಮುರಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡ ಮೂಡಲಕ್ಕೆ ಹೋಗಿ ಆರು ವರ್ಷ. ನಡಿಗೆಯ ಹಿಂದಿನ ದಿನ ಆಕೆ ಒಂದು ಚೀಲ ಬಿಸಿ ಚುರುಮುರಿ ತಂದು ನನ್ನ ಮಡಿಲಲ್ಲಿಟ್ಟಳು.

"ಕಸ್ತೂರಿ, ನನಗ ಓದಾಕ ಬರಂಗಿಲ್ಲ. ಆ ಮುಳ್ಳ ಎಲ್ಲಿ ನಿಂತ್ರ ಏನಂತ ತಿಳಿಯಂಗಿಲ್ಲ. ನೀ ಏನ ಕೂಗ್ತೀಯೋ ಅದs ನನಗ ಖರೆ. ಗುರುಪಾದಪ್ಪನ ತೂಕ ಸರಿ ಐತಿಲ್ಲ?"

"ಅರವತ್ತೊಂದ ಐತಿ ಚಾಚಿ. ಅವ ಬಂಡಿಗಲ್ಲ ಇದ್ದಂಗ. ನೀ ಆರಾಮ ನಿದ್ದಿ ಮಾಡು" ಎಂದೆ.

ಮರುದಿನ ಬೆಳಿಗ್ಗೆ ಬೇವಿನ ಮರ ಒಂದೇ ಕಡೆಗೆ ವಾಲಿತ್ತು. ಗಾಳಿ ಎದ್ದಿತ್ತು. ಹೊರಡುವ ಮೊದಲು ಕಾಟಾ. ಒಬ್ಬೊಬ್ಬರಾಗಿ ಹಲಗೆ ಹತ್ತಿದರು, ನಾನು ಕೂಗಿದೆ. ಮೈಬೂಬ ಇಪ್ಪತ್ತನಾಲ್ಕು. ಕೊನೆಗೆ ಗುರುಪಾದ. ಯಾವತ್ತೂ ಹಲಗೆಯ ಮೇಲೆ ಜಿಗಿದು ನಿಲ್ಲುತ್ತಿದ್ದವನು ಅವತ್ತು ಕಂಬ ಹಿಡಿದು ಒಂದೊಂದೇ ಕಾಲಿಟ್ಟ. ಮುಳ್ಳು ಹೋಗಿ ಅರವತ್ತೊಂದರ ಮೇಲೆ ನಿಂತಿತು. ಅದು ನಿಂತ ರೀತಿ ನೋಡಿ ನನಗೆ ಅನುಮಾನ ಬಂತು. ಎರಡು ವರ್ಷ ಕಾಟಾ ನೋಡಿದವಳು ನಾನು. ಮನುಷ್ಯರ ತೂಕ ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುವುದಿಲ್ಲ. ಒಂದು ಹೊತ್ತು ಹೆಚ್ಚು ಉಂಡರೆ ಅರ್ಧ ಕಿಲೋ ಏರುತ್ತದೆ, ಜ್ವರ ಬಂದರೆ ಇಳಿಯುತ್ತದೆ. ಗುರುಪಾದನದು ಮಾತ್ರ ಐದು ತಿಂಗಳಿಂದ ಅರವತ್ತೊಂದು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನೊಬ್ಬಳು ಪೆದ್ದಿ, ಅದನ್ನು ಅವನ ಶಿಸ್ತು ಎಂದುಕೊಂಡಿದ್ದೆ. ಬಗ್ಗಿ ನೋಡಿದೆ. ಸಡಿಲ ಪೈಜಾಮದ ಒಳಗೆ ಮೀನಖಂಡದ ಸುತ್ತ ಏನೋ ಉಬ್ಬಿತ್ತು. ಬೆರಳಿಂದ ಮುಟ್ಟಿದೆ. ಗುಂಡು ಗುಂಡಾಗಿ, ತಣ್ಣಗೆ ಹತ್ತಿತು. ಮೀನುಗಾರರು ಬಲೆಗೆ ಕಟ್ಟುವ ಸೀಸದ ಗುಂಡು, ಬಟ್ಟೆಯ ಪಟ್ಟಿಯಲ್ಲಿ ಸಾಲಾಗಿ ಹೊಲಿದದ್ದು. ಕಾಲಿಗಷ್ಟೇ ಅಲ್ಲ, ತೊಡೆಗೂ ಇತ್ತು, ನಡುವಿಗೂ ಇತ್ತು.

ನಾನು ತಲೆ ಎತ್ತಿದೆ. ಅವನು ನನ್ನನ್ನೇ ನೋಡುತ್ತಿದ್ದ. ತುಟಿ ಅಲುಗಿಸದೆ, "ಕೂಗು ಕಸ್ತೂರಿ" ಎಂದ.

"ಎಷ್ಟ ಐತಿ ಖರೇದು?" ನಾನೂ ಪಿಸುಗುಟ್ಟಿದೆ.

"ಇವತ್ತ ಒಂದ ದಿನ. ನಡಿಗಿ ಮುಗೀಲಿ. ನಾಳೆ ನಾನs ಬಂದು ಹಗ್ಗ ಕಟ್ಟಸ್ಕೋತೀನಿ, ಸಿದರಾಯನ ಆಣಿ. ಈಗ ನೀ ಬ್ಯಾರೆ ಏನರ ಕೂಗಿದೆಂದ್ರ ಆ ಗೋದಾಮಿನ ಬೀಗ ಎಂದೂ ತೆಗ್ಯಂಗಿಲ್ಲ."

ಹಿಂದೆ ನಾಗನಗೌಡರು ಕೋಲೂರಿಕೊಂಡು ನಿಂತಿದ್ದರು. ಬಲೆಗೆ ಮುಖ ಒತ್ತಿಕೊಂಡು ವಾರ ಕೇಳಿದ ಹುಡುಗಿ ನನ್ನ ಕಣ್ಣೆದುರು ಬಂದಳು. ಬಳಗವನ್ನು ಕಟ್ಟಿದವನೇ ಗುಳಿಗೆ ನುಂಗುತ್ತಾನೆ ಎಂದು ಗೊತ್ತಾದರೆ ಇನ್ನು ಯಾವ ತಾಯಿ ನಮ್ಮ ಬಳಿ ಮಗನನ್ನು ಕಳಿಸುತ್ತಾಳೆ? ಹೀಗೆ ನೂರು ಲೆಕ್ಕ ಹಾಕಿದೆ. ಅವನ ಹಗ್ಗದ ಇನ್ನೊಂದು ತುದಿಯಲ್ಲಿ ಇಪ್ಪತ್ತನಾಲ್ಕು ಕಿಲೋ ಹುಡುಗನೊಬ್ಬ ಇದ್ದಾನೆ ಎನ್ನುವ ಒಂದು ಲೆಕ್ಕವನ್ನು ಮಾತ್ರ ಪಕ್ಕಕ್ಕೆ ಸರಿಸಿದೆ.

"ಅರವತ್ತೊಂದು!" ಎಂದು ಕೂಗಿದೆ. ಜನರ ನಡುವೆ ಹುಸೇನಬಿ ಎರಡೂ ಕೈಯಿಂದ ಮುಖ ಸವರಿಕೊಂಡು ದುವಾ ಮಾಡಿದಳು.

ಏರಿ ಐನೂರು ಹೆಜ್ಜೆ ಉದ್ದ. ಪಡುವಲಕ್ಕೆ ಕೆರೆ, ಮೂಡಲಕ್ಕೆ ಇಳಿಜಾರು, ಅದರ ಕೆಳಗೆ ಬಯಲಿನಲ್ಲಿ ಊರ ಮಂದಿ. ಐದು ಜೋಡಿ ಮುಂದೆ, ಗುರುಪಾದ ಮತ್ತು ಮೈಬೂಬ ಕೊನೆಗೆ, ಅವರ ಹಿಂದೆ ನಾನೊಬ್ಬಳೇ. ನೂರು ಹೆಜ್ಜೆಯವರೆಗೆ ಎಲ್ಲ ಚೆನ್ನಾಗಿತ್ತು. ಕೆಳಗೆ ಹುಡುಗರು ಸಿಳ್ಳೆ ಹಾಕುತ್ತಿದ್ದರು. ನೂರೈವತ್ತಕ್ಕೆ ಕೆರೆಯ ನೀರು ಬೆಳ್ಳಗೆ ನೊರೆಗಟ್ಟಿತು. ಮೊದಲ ಜೋರು ಗಾಳಿಗೆ ಮೈಬೂಬನ ಕಾಲು ನೆಲದಿಂದ ಗೇಣು ಮೇಲೆದ್ದಿತು. ಹಗ್ಗ ಬಿಗಿಯಿತು. ಗುರುಪಾದ ಹಿಮ್ಮಡಿ ಊರಿ ನಿಂತ.

"ಅಣ್ಣಾ, ಹಿಡಕೊಂಡೀಯಿಲ್ಲೋ?" ಹುಡುಗ ಕೇಳಿದ. ದನಿಯಲ್ಲಿ ನಗು ಇತ್ತು, ಹೆದರಿಕೆಯೂ ಇತ್ತು.

"ಹಿಡದೀನಿ, ನಡಿ. ಕೆಳಗ ನೋಡಬ್ಯಾಡ."

ಇನ್ನೂರೈವತ್ತನೆಯ ಹೆಜ್ಜೆಯ ಹತ್ತಿರ ದಾರಿಯಲ್ಲಿ ಬೂದು ಬಣ್ಣದ ಗುಂಡೊಂದು ಬಿದ್ದಿತ್ತು. ಎತ್ತಿಕೊಂಡೆ. ಸೀಸ. ಎರಡು ಹೆಜ್ಜೆಗೆ ಮತ್ತೊಂದು. ಆಮೇಲೆ ಮೂರು ಒಟ್ಟಿಗೆ. ಅವನ ಎಡಗಾಲಿನ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಅವನಿಗೂ ಗೊತ್ತಾಗಿರಬೇಕು, ಕಾಲನ್ನು ಎಳೆದೆಳೆದು ಹಾಕುತ್ತಿದ್ದ. ತಿರುಗಿ ನನ್ನನ್ನು ನೋಡಲಿಲ್ಲ. ಇನ್ನು ಅರ್ಧ ದಾರಿ, ಹೇಗಾದರೂ ಮುಟ್ಟುತ್ತಾನೆ, ಮುಟ್ಟಿಬಿಡಲಿ ಎಂದುಕೊಂಡೆ. ಗುಂಡು ಬೀಳುವುದನ್ನು ನೋಡುತ್ತಾ ಇಪ್ಪತ್ತು ಹೆಜ್ಜೆ ನಾನು ಬಾಯಿ ಬಿಡಲಿಲ್ಲ. ಬೆಳಿಗ್ಗೆ ಕೂಗಿದ ಸುಳ್ಳಿಗಾದರೂ ಒಂದು ನೆಪ ಇತ್ತು. ಈ ಇಪ್ಪತ್ತು ಹೆಜ್ಜೆಗೆ ನನ್ನಲ್ಲಿ ಯಾವ ನೆಪವೂ ಇಲ್ಲ.

ಮೈಬೂಬನ ಕಾಲು ಮತ್ತೆ ಎದ್ದಿತು. ಈ ಸಲ ಗುರುಪಾದನ ಹಿಮ್ಮಡಿಯೂ ಎದ್ದಿತು.

"ಹಿಡೀರಿ!" ನಾನು ಚೀರಿದೆ. "ಗುರುಪಾದ ಹಗುರ ಅದಾನ! ಸೀಸ ಕಟ್ಟ್ಯಾನ! ಇಬ್ಬರನೂ ಹಿಡೀರಿ!"

ಕೆಳಗಿನ ಸಿಳ್ಳೆ ಒಮ್ಮೆಲೇ ನಿಂತಿತು. ಗಾಳಿ ನಿಲ್ಲಲಿಲ್ಲ. ಗುರುಪಾದನ ನಡುವಿನ ಪಟ್ಟಿ ಪರ್ರನೆ ಹರಿದು ಗುಂಡುಗಳೆಲ್ಲ ಏರಿಯ ಮೇಲೆ ಚೆಲ್ಲಿದವು. ಅವನು ಮೇಲೆ ಹೋದ. ಹಗ್ಗ ಹಿಂದೆಯೇ ಮೈಬೂಬನನ್ನೂ ಎಳೆಯಿತು. ನಾನು ಹೇಗೆ ಓಡಿದೆನೋ ನನಗೆ ನೆನಪಿಲ್ಲ. ಹುಡುಗನ ಒಂದು ಪಾದ ನನ್ನ ಮುಖದ ಎತ್ತರಕ್ಕಿತ್ತು, ಅದನ್ನು ಎರಡೂ ಕೈಯಿಂದ ಅವುಚಿಕೊಂಡೆ. ಎಪ್ಪತ್ತೆಂಟು ಕಿಲೋ ಹೆಣ್ಣು ನಾನು, ನನ್ನನ್ನೂ ಗಾಳಿ ಇಳಿಜಾರಿನ ಕಡೆಗೆ ದರದರ ಎಳೆಯಿತು. ಮೊಣಕಾಲು ತರಚಿತು. ಅಷ್ಟರಲ್ಲಿ ಯಾರೋ ನನ್ನ ನಡು ಹಿಡಿದರು, ಇನ್ಯಾರೋ ಕಾಲು ಹಿಡಿದರು. ಮುಂದಿದ್ದ ಐದು ಜೋಡಿಯೂ ಹಗ್ಗದ ಸಮೇತ ತಿರುಗಿ ಬಂದು ಬಿದ್ದಿದ್ದರು. ಕಬಡ್ಡಿಯಲ್ಲಿ ರೈಡಿಗೆ ಬಂದವನ ಮೇಲೆ ಬೀಳುವ ಹಾಗೆ ಒಬ್ಬರ ಮೇಲೊಬ್ಬರು.

ಮೇಲೆ ನೋಡಿದೆ. ಗುರುಪಾದ ಹಗ್ಗದ ತುದಿಯಲ್ಲಿ ಅಡ್ಡಡ್ಡ ಹೊಯ್ದಾಡುತ್ತಾ ತನ್ನ ನಡುವಿನ ಗಂಟಿಗೆ ಕೈ ಹಾಕಿದ್ದ. ಅದನ್ನು ಬಿಚ್ಚಿದರೆ ಮೈಬೂಬ ಕೆಳಗೆ ಬೀಳುತ್ತಾನೆ, ತಾನು ಹೋಗುತ್ತಾನೆ.

"ಬಿಚ್ಚಬ್ಯಾಡೋ ಅಣ್ಣಾ!" ಮೈಬೂಬ ಅರಚಿದ. "ನನಗ ನಡಕ ಬಂದಾಗ ನೀ ಬಿಚ್ಚಿದ್ದೇನು? ನಾ ವಾಂತಿ ಮಾಡ್ಕೊಂಡಾಗ ಬಿಚ್ಚಿದ್ದೇನು? ಕೈ ತೆಗಿ!"

ಹುಡುಗ ಹಗ್ಗವನ್ನು ಮೊಳ ಮೊಳ ಎಳೆಯತೊಡಗಿದ. ಲಾರಿಯ ಮೇಲಿನ ತಾಡಪತ್ರಿ ಬಿಗಿದು ಬಿಗಿದು ಗಟ್ಟಿಯಾದ ಕೈ. ಗುರುಪಾದ ಅಳುತ್ತಾ ಗಂಟಿನ ಮೇಲೆ ಬೆರಳಾಡಿಸುತ್ತಲೇ ಇದ್ದ. ಆದರೆ ಅವನೇ ನಮಗೆಲ್ಲ ಕಲಿಸಿದ ಗಂಟು ಅದು, ಗಾಳಿಯಲ್ಲಿ ಒಂಟಿಕೈಗೆ ಬಿಚ್ಚುವಂಥದ್ದಲ್ಲ. ಕೊನೆಗೆ ಮೈಬೂಬನ ಕೈಗೆ ಅವನ ಕಾಲು ಸಿಕ್ಕಿತು, ನಮ್ಮ ಕೈಗೆ ಇಬ್ಬರೂ ಸಿಕ್ಕರು. ನೆಲಕ್ಕೆ ಒತ್ತಿಕೊಂಡು ಅವರ ಮೇಲೆ ನಾವು ಹನ್ನೊಂದು ಜನ ಮಲಗಿದೆವು. ಗಾಳಿ ತುಸು ತಗ್ಗುವವರೆಗೆ ಯಾರೂ ಏಳಲಿಲ್ಲ.

ಪಂಚರು ನಮ್ಮನ್ನು ಕಾಟಾದ ಬಳಿಗೆ ಕರೆಸಿದರು. ಉಳಿದ ಪಟ್ಟಿಗಳನ್ನು ಬಿಚ್ಚಿಸಿ ಗುರುಪಾದನನ್ನು ಹಲಗೆಯ ಮೇಲೆ ನಿಲ್ಲಿಸಿ, ಹಾರದಂತೆ ಹಗ್ಗವನ್ನು ಕಂಬಕ್ಕೆ ಸುತ್ತಿದರು. ಮುಳ್ಳು ನೋಡಿದೆ. ಇಪ್ಪತ್ತಾರು ಎಂದೆ. ಹತ್ತಿರ ಇದ್ದವರಿಗಷ್ಟೇ ಕೇಳಿತು.

"ಯಾವಾಗಿಂದ?" ನಾಗನಗೌಡರು ಕೇಳಿದರು.

"ಸಂಕ್ರಾಂತಿ ಆದಮ್ಯಾಲ" ಎಂದ ಗುರುಪಾದ. ತಲೆ ಎತ್ತಲಿಲ್ಲ. "ಹಗಲೆಲ್ಲಾ ಇವರ ಜೋಡಿ ಇರ್ತಿದ್ನಿರಿ, ಆರಾಮ ಇರ್ತಿತ್ತು. ಕಣ್ಣ ಮುಚ್ಚಿದ್ರ ತಮ್ಮನ ಅಂಗಿ ಹರಿಯೂ ಸಪ್ಪಳ. ಒಂದ ಗುಳಿಗಿ ತಗೊಂಡ್ರ ನಿದ್ದಿ ಬರ್ತಿತ್ತು. ಯಾರಿಗಿ ಹೇಳ್ಲಿ? ಎಲ್ಲಾರೂ ಬಂದು ನನಗs ಹೇಳ್ತಿದ್ರು."

ನಾನು ಎರಡು ವರ್ಷ ದಿನಾ ಅವನ ಜೊತೆಗಿದ್ದೆ. ನಿದ್ದೆ ಬಂತೇನೋ ಎಂದು ಒಂದು ದಿನವೂ ಕೇಳಿರಲಿಲ್ಲ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

"ಮಾತ ಮುಗೀತು" ಎಂದರು ನಾಗನಗೌಡರು. "ಹಗ್ಗ ಬಿಚ್ಚರಿ. ಇಬ್ಬರನೂ ಗೋದಾಮಿಗೆ ಒಯ್ಯರಿ, ಉಳದವರನ ನಾಳೆ ನೋಡೂಣು."

ಮೈಬೂಬ ಗುರುಪಾದನ ಕಾಲಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಗ್ಗವನ್ನು ಎದೆಗೆ ಹಿಡಿದುಕೊಂಡ. "ಬಿಚ್ಚಾಕ ಬಂದವರ ಕೈ ಕಡೀತೀನಿ" ಎಂದ.

"ಇಬ್ಬರನೂ ನನಗ ಕಟ್ಟರಿ" ಎಂದೆ ನಾನು.

"ನಿನಗ?" ಗೌಡರು ನಕ್ಕರು. "ಹುಡುಗಿಗಿ ಹುಡುಗರನ ಕಟ್ಟೂ ಪದ್ಧತಿ ನಿಮ್ಮ ಬಳಗದಾಗ ಇಲ್ಲ. ಅದು ಹೋಗ್ಲಿ, ಮುಂಜಾನಿ ಅರವತ್ತೊಂದ ಅಂತ ಒದರಿದಾಕಿ ನೀನs ಅಲ್ಲ? ನಿನ್ನ ಮಾತ ಇನ್ನ ಯಾರ ನಂಬ್ತಾರ?"

ನನ್ನ ಬಳಗದ ಹುಡುಗರೂ ಮುಖ ತಿರುಗಿಸಿದರು. ಆಗ ಜನ ಸರಿದು ದಾರಿ ಬಿಟ್ಟರು. ಹುಸೇನಬಿ ಬಂದಳು. ಭಟ್ಟಿಯ ಉಸುಕಿನಲ್ಲಿ ಸುಟ್ಟು ಕಪ್ಪಾದ ಕೈ ಎತ್ತಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದು ಮುಖ ಮುಂದೆ ಮಾಡಿದೆ. ಆಕೆ ಹೊಡೆಯಲಿಲ್ಲ. ಗುರುಪಾದನನ್ನು ಇಳಿಸಿ, "ಹತ್ತು" ಎಂದು ನನಗೆ ಹಲಗೆ ತೋರಿಸಿದಳು. ಕಾಟಾ ನೋಡುವವಳ ತೂಕವನ್ನು ಎರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹತ್ತಿದೆ. ಎಲ್ಲರೆದುರು ಆಕೆ ನನ್ನ ಓಢಣಿ ಕಿತ್ತುಕೊಂಡು ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿದಳು, ತೋಳು, ನಡು, ಕಾಲಿನ ಮಡಿಕೆ ಎಲ್ಲ ತಡವಿದಳು, ತುರುಬು ಬಿಚ್ಚಿ ನೋಡಿದಳು. ಆಮೇಲೆ ಗೌಡರ ಕಡೆ ತಿರುಗಿ, "ನೀವು ಓದ್ರಿ" ಎಂದಳು.

"ಎಪ್ಪತ್ತೆಂಟ" ಎಂದರು ಗೌಡರು, ಒಲ್ಲದ ಮನಸ್ಸಿನಿಂದ.

ಹುಸೇನಬಿ ನನ್ನ ಮುಖಕ್ಕೆ ಮುಖ ತಂದಳು. "ಮುಂಜಾನಿ ನಿನಗ ಗೊತ್ತಿತ್ತನು?"

"ಗೊತ್ತಿತ್ತು ಚಾಚಿ."

"ನನ್ನ ಮಗಾ ಹೋಗ್ತಿದ್ನಿಲ್ಲ?"

"ಹೋಗ್ತಿದ್ದ."

"ಮತ್ಯಾಕ ಅರವತ್ತೊಂದ ಅಂತ ಒದರಿದಿ?"

ಗೋದಾಮು, ಬೀಗ, ಬಳಗ, ಊರು, ಎಲ್ಲ ನಾಲಿಗೆಯ ತುದಿಗೆ ಬಂದವು. ಅವು ಯಾವುವೂ ಆಕೆಗೆ ಬೇಕಾಗಿರಲಿಲ್ಲ. "ಅಂಜಿದ್ನಿ" ಎಂದೆ.

ಆಕೆ ಬಗ್ಗಿ, ಮಗನಿಗೂ ಗುರುಪಾದನಿಗೂ ನಡುವೆ ಬಿದ್ದಿದ್ದ ಹಗ್ಗವನ್ನು ಎತ್ತಿಕೊಂಡು, ಅದರ ಮಧ್ಯವನ್ನು ನನ್ನ ನಡುವಿಗೆ ಎರಡು ಸುತ್ತು ಸುತ್ತಿದಳು. ಗೌಡರು, "ಏ ಹುಸೇನಬಿ, ಪದ್ಧತಿ..." ಎಂದರು. "ಗಾಳಿಗಿ ಗೊತ್ತೈತೇನ್ರಿ ನಿಮ್ಮ ಪದ್ಧತಿ? ಗೋದಾಮಿಗಿ ಹಾಕೂ ಮಗಾ ನಿಮ್ಮವ ಅಲ್ಲ, ನನ್ನವ" ಎಂದು, ಕಾಲನ್ನು ಕಾಟಾದ ಅಂಚಿಗೆ ಕೊಟ್ಟು, ಉಸಿರು ಸಿಕ್ಕಿಕೊಳ್ಳುವಷ್ಟು ಬಿಗಿದು ಗಂಟು ಹಾಕಿದಳು. ಪಂಚರು ಗೋದಾಮಿನ ಬೀಗ ತೆಗೆಯಲಿಲ್ಲ, ನಮ್ಮನ್ನು ತಡೆಯಲು ಮುಂದೆಯೂ ಬರಲಿಲ್ಲ.

"ಈಗ ಕೂಗು" ಎಂದಳು ಹುಸೇನಬಿ. "ಇಬ್ಬರದೂ. ಖರೇದ್ದು. ಬಯಲಿನ ಆ ಕಡಿ ನಿಂತವರಿಗೂ ಕೇಳಬೇಕು."

ಗುರುಪಾದ ಕಣ್ಣು ಮುಚ್ಚಿಕೊಂಡ. ನಾನು ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ: "ಮೈಬೂಬ, ಇಪ್ಪತ್ತನಾಲ್ಕು! ಗುರುಪಾದ, ಇಪ್ಪತ್ತಾರು!"